ಪೈ ಚಾರ್ಟಿನಲ್ಲಿ ಹೆಸರುಗಳು ಒಂದರ ಮೇಲೊಂದು ಕೂತಿವೆ, ಕನ್ನಡ ಅಕ್ಷರ ಒಡೆದಿದೆ. ಯಾರಾದರೂ ದಾರಿ ತೋರಿಸಿ

ತುಂಗೆಯ ದಂಡೆ
ಎಲ್ಲರಿಗೂ ನಮಸ್ಕಾರ. ಸಮಾಜಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಪ್ರಬಂಧ ಕನ್ನಡದಲ್ಲಿ. ಎರಡನೇ ಅಧ್ಯಾಯಕ್ಕೆ ಒಂದೇ ಒಂದು ಪೈ ಚಾರ್ಟ್ ಬೇಕು. ಅದಕ್ಕೇ ಮೂರು ದಿನ ಹೋಯಿತು.

ವಿಷಯ ಸರಳ. 2011ರ ಜನಗಣತಿಯಲ್ಲಿ ಕರ್ನಾಟಕದ ಜನ ಬರೆಸಿದ ಮಾತೃಭಾಷೆ. ನೂರಕ್ಕೆ ಸುಮಾರಾಗಿ ಕನ್ನಡ 66.5, ಉರ್ದು 10.8, ತೆಲುಗು 5.8, ತಮಿಳು 3.5, ಮರಾಠಿ 3.4, ಹಿಂದಿ 3.3, ತುಳು 2.6, ಕೊಂಕಣಿ 1.3, ಮಲಯಾಳಂ 1.3, ಇತರೆ 1.5. ಆರ್ ಅನ್ನುವ ಅಂಕಿಅಂಶದ ಸಾಫ್ಟ್‌ವೇರ್‌ನಲ್ಲಿ ಪೈ ಫಂಕ್ಷನ್ (ಪೈ ಎಳೆಯುವ ಆಜ್ಞೆ) ಬಳಸಿದೆ. ಗಡಿಯಾರದ ಹನ್ನೆರಡರಿಂದ ಶುರುಮಾಡಿ ಮುಳ್ಳು ತಿರುಗುವ ದಿಕ್ಕಿನಲ್ಲೇ ಹೋಗಬೇಕು ಅಂತ ಎಲ್ಲೋ ಓದಿದ್ದೆ, ಹಾಗೇ ಮಾಡಿದೆ. ಕನ್ನಡ, ಉರ್ದು, ತೆಲುಗು ಚೆನ್ನಾಗಿ ಬಂದಿವೆ. ತಮಿಳಿನಿಂದ ಮುಂದೆ ಎಲ್ಲ ಹೆಸರೂ ವೃತ್ತದ ನೆತ್ತಿಯ ಮೇಲೆ ಸಂತೆ ದಿನದ ಬಸ್ಸಿನ ಹಾಗೆ ಒಂದರ ಮೇಲೊಂದು ಹತ್ತಿ ಕೂತಿವೆ.

ಇನ್ನೊಂದು ಕಾಟ. ಮೊದಲು ಅಕ್ಷರದ ಬದಲು ಬರೀ ಡಬ್ಬಿ ಬರುತ್ತಿತ್ತು. ಆರ್‌ಗೆ ಬೇರೆ ಫಾಂಟ್ ಕೊಡುವ ಶೋಟೆಕ್ಸ್ಟ್ ಪ್ಯಾಕೇಜ್ ಹಾಕಿದ ಮೇಲೆ ಅಕ್ಷರ ಬಂತು, ಆದರೆ ಒಡೆದು ಬಂತು. ‘ಕನ್ನಡ’ ಅನ್ನುವ ಪದವೇ ‘ಕನ್‌ನಡ’ ಆಗಿದೆ. ಉರ್ದುವಿನ ಅರ್ಕಾವತ್ತು ಇಲ್ಲವೇ ಇಲ್ಲ. ಹೆಚ್ಚೂಕಡಿಮೆ ಸರಿಯಾಗಿರುವುದು ಮಲಯಾಳಂ ಒಂದೇ!

ಮತ್ತೆ, ಕನ್ನಡದ ಹೋಳೂ ತುಳುವಿನ ಹೋಳೂ ಎರಡೂ ಬಿಳಿ ಬಂದಿವೆ. ಯಾಕೆ ಅಂತ ಗೊತ್ತಾಗಲಿಲ್ಲ. ಗೈಡ್ ಸರ್ ಶುಕ್ರವಾರ ಕೇಳುತ್ತಾರೆ.

ಬಾರ್ ಭಕ್ತ
ಪೈ ಬಿಡಿ. ಬಾರ್ ಹಾಕಿ. ಮುಗಿಯಿತು.

ಧಾರವಾಡ ಪೇಢೆ
ಬಂದರು ನೋಡ್ರಿ. ಪ್ರಶ್ನೆ ಪೂರ್ತಿ ಓದಿದ್ರೋ ಇಲ್ವೋ?

ಬಾರ್ ಭಕ್ತ
ಓದಿದ್ದೇನೆ. ನನ್ನ ಮಾತು ಬೇಡ, ಆರ್‌ನವರ ಮಾತನ್ನೇ ಕೇಳಿ. ಪೈ ಫಂಕ್ಷನ್ನಿನ ಸಹಾಯದ ಪುಟ ತೆರೆದು ಕೆಳಗೆ ಬನ್ನಿ. ಮಾಹಿತಿ ತೋರಿಸಲು ಪೈ ಬಹಳ ಕೆಟ್ಟ ದಾರಿ, ಕಣ್ಣು ಉದ್ದವನ್ನು ಚೆನ್ನಾಗಿ ಅಳೆಯುತ್ತದೆ, ಎರಡು ವಿಸ್ತೀರ್ಣ ಹೋಲಿಸುವುದರಲ್ಲಿ ಸೋಲುತ್ತದೆ ಅಂತ ಅಲ್ಲೇ ಬರೆದಿದ್ದಾರೆ. ಅಂಗಡಿಯವನೇ ‘ಈ ಮಾಲು ತಗೋಬೇಡಿ’ ಅಂದರೂ ತಗೋತೀನಿ ಅಂದರೆ ಏನು ಹೇಳುವುದು? 1984ರಲ್ಲಿ ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ ಅನ್ನುವ ಸಂಖ್ಯಾಶಾಸ್ತ್ರಜ್ಞರು ಇದನ್ನು ಪ್ರಯೋಗ ಮಾಡಿಯೇ ತೋರಿಸಿದ್ದಾರೆ. ನಿಮ್ಮ ಚಾರ್ಟಿನಲ್ಲಿ ತಮಿಳು 3.5, ಮರಾಠಿ 3.4, ಹಿಂದಿ 3.3. ಅಂಕಿ ಮುಚ್ಚಿಟ್ಟು ಯಾವುದು ದೊಡ್ಡದು ಹೇಳಿ ನೋಡೋಣ.

ಸೊನ್ನೆ ಸುತ್ತು
ಬಾರ್‌ನಲ್ಲಿ ಮಾತ್ರ 3.4ಕ್ಕೂ 3.3ಕ್ಕೂ ವ್ಯತ್ಯಾಸ ಕಾಣುತ್ತದಾ? 66.5ರ ಬಾರ್ ಪಕ್ಕದಲ್ಲಿ ಅವೆಲ್ಲ ಹುಲ್ಲುಕಡ್ಡಿ. ಇರಲಿ, ಪ್ರಶ್ನೆಗೆ ಬರುತ್ತೇನೆ.

ತುಂಗೆಯವರೇ, ಹೆಸರು ಒಂದರ ಮೇಲೊಂದು ಬೀಳುವುದಕ್ಕೆ ಕಾರಣ ನೀವು ಶುರುಮಾಡಿದ ಜಾಗ. ಆರ್‌ನ ಪೈ ಫಂಕ್ಷನ್‌ಗೆ ‘ಇಲ್ಲಿ ಈಗಾಗಲೇ ಒಂದು ಹೆಸರಿದೆ, ಸ್ವಲ್ಪ ಸರಿದು ಬರೆಯೋಣ’ ಅನ್ನುವ ಬುದ್ಧಿ ಇಲ್ಲ. ಪ್ರತಿ ಹೋಳಿನ ನಡುಮಧ್ಯಕ್ಕೆ ಸಣ್ಣ ಗೆರೆ ಎಳೆದು ಅದರ ತುದಿಯಲ್ಲಿ ಹೆಸರು ಬರೆಯುತ್ತದೆ, ಅಷ್ಟೇ. ಈಗ ಯೋಚಿಸಿ. ನಾವು ಬರೆಯುವುದು ಅಡ್ಡಕ್ಕೆ. ಸಣ್ಣ ಹೋಳುಗಳು ನೆತ್ತಿಯಲ್ಲೋ ಬುಡದಲ್ಲೋ ಇದ್ದರೆ ಹೆಸರುಗಳು ಅಕ್ಕಪಕ್ಕ ಬರುತ್ತವೆ, ಒಂದರ ಬಾಲ ಇನ್ನೊಂದರ ತಲೆಗೆ ತಾಗುತ್ತದೆ. ಅವೇ ಹೋಳುಗಳು ಬಲಕ್ಕೋ ಎಡಕ್ಕೋ ಇದ್ದರೆ ಹೆಸರುಗಳು ಮೆಟ್ಟಿಲಿನ ಹಾಗೆ ಒಂದರ ಕೆಳಗೆ ಒಂದು ನಿಲ್ಲುತ್ತವೆ. ಸಾಲಿಗೆ ಬೇಕಾದಷ್ಟು ಎತ್ತರ ಸಿಕ್ಕರೆ ಸಾಕು.

ನಿಮ್ಮ ಲೆಕ್ಕದಲ್ಲಿ ಕನ್ನಡ, ಉರ್ದು, ತೆಲುಗು ಸೇರಿ 83.1. ಅಂದರೆ ಸುಮಾರು 299 ಡಿಗ್ರಿ. ಉಳಿದ ಏಳು ಹೋಳು 61 ಡಿಗ್ರಿಯೊಳಗೆ ತುರುಕಿಕೊಂಡಿವೆ. ಹನ್ನೆರಡರಿಂದ ಶುರುಮಾಡಿದರೆ ಆ 61 ಡಿಗ್ರಿ ಹತ್ತು ಗಂಟೆಯಿಂದ ಹನ್ನೆರಡರವರೆಗೆ ಬರುತ್ತದೆ. ಅದೇ ನಿಮ್ಮ ಸಂತೆ ಬಸ್ಸು. ಇನಿಟ್ ಆ್ಯಂಗಲ್ ಅಂತ ಒಂದು ಆಯ್ಕೆ ಇದೆ, ಅದಕ್ಕೆ 330 ಕೊಡಿ. ದಿಕ್ಕು ಈಗಿನದೇ ಇರಲಿ. ಆಗ ಕನ್ನಡ ನಾಲ್ಕು ಗಂಟೆಯ ಜಾಗದಿಂದ ಶುರುವಾಗುತ್ತದೆ, ಸಣ್ಣವೆಲ್ಲ ಎರಡರಿಂದ ನಾಲ್ಕರ ನಡುವೆ, ಬಲಗಡೆ, ಸಾಲಾಗಿ ನಿಲ್ಲುತ್ತವೆ. ಅಕ್ಷರದ ಗಾತ್ರ 0.8ಕ್ಕೆ ಇಳಿಸಿ. ಹೆಸರು ಉದ್ದ ಅನಿಸಿದರೆ ತ್ರಿಜ್ಯವನ್ನೂ ಈಗಿನ 0.8ರಿಂದ 0.7ಕ್ಕೆ ತನ್ನಿ, ಅಂಚಿನಲ್ಲಿ ಹೆಚ್ಚು ಜಾಗ ಸಿಗುತ್ತದೆ.

ಬಿಳಿ ಬಣ್ಣದ ಗುಟ್ಟು ಇನ್ನೂ ಸುಲಭ. ನೀವು ಬಣ್ಣ ಹೇಳಿಲ್ಲ ಅಲ್ವಾ? ಆಗ ಆರ್ ತನ್ನದೇ ಆರು ಮಾಸಲು ಬಣ್ಣ ಹಾಕುತ್ತದೆ. ಮೊದಲನೆಯದೇ ಬಿಳಿ. ಏಳನೇ ಹೋಳಿಗೆ ಬಂದಾಗ ಬಣ್ಣ ಮುಗಿದು ಮತ್ತೆ ಮೊದಲಿಂದ ಶುರು. ನಿಮ್ಮ ಏಳನೆಯದು ತುಳು.

ಕಡಲ ಕರೆ
ಆರ್‌ಗೆ ಗೊತ್ತು, ತುಳು ಕನ್ನಡಕ್ಕೆ ಸಮ ಅಂತ.

ತುಂಗೆಯ ದಂಡೆ
ಅಯ್ಯೋ, 330 ಕೊಟ್ಟ ಕೂಡಲೇ ಸರಿಹೋಯಿತು ಸರ್! ಕೊಂಕಣಿ, ಮಲಯಾಳಂ ಎರಡೂ ಬಿಡಿಬಿಡಿಯಾಗಿ ಓದಬಹುದು. ಸಾವಿರ ನಮಸ್ಕಾರ. ಈಗ ಅಕ್ಷರ ಒಡೆಯುವುದೊಂದು ಬಾಕಿ.

ಬಾರ್ ಭಕ್ತ
ಹನ್ನೆರಡರಿಂದ ಶುರುಮಾಡಬೇಕು ಅನ್ನುವ ಪದ್ಧತಿ ಬಿಟ್ಟಿರಿ. ಓದುವವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಸೊನ್ನೆ ಸುತ್ತು
ಮೂರರಲ್ಲಿ ಎರಡು ಪಾಲು ಇರುವ ಹೋಳನ್ನು ಎಲ್ಲಿಂದ ಶುರುಮಾಡಿದರೂ ಕಣ್ಣು ಅಲ್ಲಿಗೇ ಹೋಗುತ್ತದೆ ಮಾರಾಯರೇ.

ಒತ್ತಕ್ಷರ ಪ್ರೇಮಿ
ಅಕ್ಷರದ ವಿಷಯ ನನಗೆ ಬಿಡಿ. ಇದರ ಹಿಂದೆ ಬಿದ್ದು ಒಂದು ಮಳೆಗಾಲ ಕಳೆದಿದ್ದೇನೆ.

ಫಾಂಟ್ ಇದ್ದರೆ ಕನ್ನಡ ಬರುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಫಾಂಟ್ ಅಂದರೆ ಬರೀ ಅಚ್ಚಿನ ಮೊಳೆಗಳ ಪೆಟ್ಟಿಗೆ. ‘ಕನ್ನಡ’ ಅಂತ ಟೈಪ್ ಮಾಡಿದಾಗ ಒಳಗೆ ಇರುವುದು ಕ, ನ, ಹಲಂತ, ನ, ಡ, ಹೀಗೆ ಐದು ಸಂಕೇತ. ನಡುವಿನ ಮೂರನ್ನು ನೋಡಿ ‘ಇಲ್ಲಿ ಎರಡನೇ ನ ಕೆಳಗೆ ಇಳಿಯಬೇಕು’ ಅಂತ ತೀರ್ಮಾನಿಸಿ ಮೊಳೆ ಜೋಡಿಸುವವನು ಬೇರೆ ಇದ್ದಾನೆ. ಅವನ ಹೆಸರು ಹಾರ್ಫ್‌ಬಜ್. ಲಿಬ್ರೆ ಆಫೀಸ್, ಫೈರ್‌ಫಾಕ್ಸ್, ಕ್ರೋಮ್ ಎಲ್ಲದರ ಒಳಗೂ ಅವನೇ ಕೂತಿದ್ದಾನೆ. ಶೋಟೆಕ್ಸ್ಟ್‌ನಲ್ಲಿ ಅವನಿಲ್ಲ. ಅದು ಮೊಳೆಗಳನ್ನು ಸಿಕ್ಕ ಸಾಲಿನಲ್ಲೇ ಇಟ್ಟುಬಿಡುತ್ತದೆ. ಇಂಗ್ಲಿಷಿಗೆ ಅಷ್ಟು ಸಾಕು, ನಮಗೆ ಸಾಲದು. ಮಲಯಾಳಂ ಅನ್ನುವ ಪದದಲ್ಲಿ ಒತ್ತಕ್ಷರ ಇಲ್ಲ, ಅದಕ್ಕೇ ಬಚಾವಾಯಿತು. ಕೊಂಕಣಿಯ ‘ಕೊ’ ನೋಡಿ, ಅದೂ ಕೆಟ್ಟಿರಬೇಕು.

ಪರಿಹಾರ: ಶೋಟೆಕ್ಸ್ಟ್ ಆಫ್ ಮಾಡಿ (ಬರೀ ಮರೆತು ಬಿಟ್ಟರೆ ಸಾಲದು, ಆಫ್ ಮಾಡಲೇಬೇಕು, ಇಲ್ಲದಿದ್ದರೆ ಮುಂದಿನದರಲ್ಲೂ ಮೂಗು ತೂರಿಸುತ್ತದೆ). ರ‍್ಯಾಗ್ ಅನ್ನುವ ಪ್ಯಾಕೇಜ್ ಹಾಕಿಕೊಳ್ಳಿ, ಅದರಲ್ಲಿ ಹಾರ್ಫ್‌ಬಜ್ ಇದೆ. ಅದರ ಪಿಎನ್‌ಜಿ ಸಾಧನ (ಚಾರ್ಟನ್ನು ಚಿತ್ರದ ಕಡತವಾಗಿ ಬರೆಯುವ ಭಾಗ) ತೆರೆಯಿರಿ, ಫಾಂಟ್ ಫ್ಯಾಮಿಲಿಗೆ ನೋಟೋ ಸ್ಯಾನ್ಸ್ ಕನ್ನಡ ಕೊಡಿ, ಪೈ ಎಳೆಯಿರಿ, ಸಾಧನ ಮುಚ್ಚಿ. ಆರ್‌ಸ್ಟುಡಿಯೋದಲ್ಲೇ ನೋಡಬೇಕಾದರೆ ಗ್ಲೋಬಲ್ ಆಪ್ಷನ್ಸ್‌ನಲ್ಲಿ ಗ್ರಾಫಿಕ್ಸ್ ಅಂತ ಇದೆ, ಅಲ್ಲಿ ಬ್ಯಾಕೆಂಡ್ ಎಜಿಜಿ ಅಂತ ಬದಲಿಸಿ. ಪಿಡಿಎಫ್ ಬೇಕಾದರೆ ಮಾಮೂಲಿ ಪಿಡಿಎಫ್ ಸಾಧನ ಬೇಡ, ಕೈರೋ ಪಿಡಿಎಫ್ ಬಳಸಿ.

ವಿಂಡೋಸ್ ಆದರೆ ಆರ್ 4.2 ಅಥವಾ ಅದಕ್ಕಿಂತ ಹೊಸದು ಇರಲಿ. 2022ರಲ್ಲಿ ಬಂದ ಆ ಆವೃತ್ತಿಯಿಂದಲೇ ವಿಂಡೋಸ್‌ನಲ್ಲಿ ಆರ್ ಯುಟಿಎಫ್-8ಕ್ಕೆ, ಅಂದರೆ ಎಲ್ಲ ಲಿಪಿಯನ್ನೂ ಹಿಡಿಯುವ ಯುನಿಕೋಡ್ ಸಂಕೇತಕ್ಕೆ, ಬಂದದ್ದು. ಹಳೆಯದರಲ್ಲಿ ಕನ್ನಡ ಟೈಪ್ ಮಾಡಿದರೆ ಅಕ್ಷರದ ಬದಲು ಸಂಕೇತದ ನಂಬರುಗಳ ಸಾಲೇ ಬರುತ್ತಿತ್ತು. ಕೊರಿಯರ್ ರಸೀದಿ ಓದಿದ ಹಾಗೆ.

ಹಾವು ಹಿಡಿದವ
ಪೈಥಾನ್‌ನಲ್ಲೂ ಇದೇ ಗೋಳು. ಅಲ್ಲಿ ಚಾರ್ಟ್ ಎಳೆಯುವ ಮ್ಯಾಟ್‌ಪ್ಲಾಟ್‌ಲಿಬ್ ತಾನಾಗಿ ಬಳಸುವ ಫಾಂಟಿನಲ್ಲಿ ಕನ್ನಡವೇ ಇಲ್ಲ, ಡಬ್ಬಿ ಬರುತ್ತದೆ. ಫಾಂಟ್ ಕೊಟ್ಟರೂ ಒತ್ತಕ್ಷರ ಒಡೆದು ಬಂತು. ಕೊನೆಗೆ ಎಂಪಿಎಲ್‌ಕೈರೋ ಅನ್ನುವ ಬ್ಯಾಕೆಂಡ್ ಹಾಕಿ ಸರಿಮಾಡಿಕೊಂಡೆ. ಪೈ ಎಳೆಯುವುದು ಮಾತ್ರ ಆರ್‌ಗಿಂತ ಸುಲಭ. ಆಟೋಪಿಸಿಟಿ ಕೊಟ್ಟರೆ ಶೇಕಡಾ ತಾನೇ ಲೆಕ್ಕ ಹಾಕಿ ಹೋಳಿನೊಳಗೆ ಬರೆಯುತ್ತದೆ. ಆರ್‌ನ ಪೈನಲ್ಲಿ ನಾವೇ ಲೆಕ್ಕ ಹಾಕಿ ಹೆಸರಿಗೆ ಅಂಟಿಸಬೇಕು.

ಜೆರಾಕ್ಸ್ ಅಣ್ಣ
ನಮ್ಮ ಅಂಗಡಿಗೆ ಪ್ರಾಜೆಕ್ಟ್ ಪ್ರಿಂಟಿಗೆ ಬರುವ ಮಕ್ಕಳದ್ದು ಬೇರೆಯೇ ಕಥೆ. ಹಳೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಕಾಪಿ ಮಾಡಿ ಚಾರ್ಟಿಗೆ ಅಂಟಿಸುತ್ತಾರೆ. ಕನ್ನಡ ಅಂತ ಇದ್ದ ಕಡೆ ಇಂಗ್ಲಿಷ್ ಅಕ್ಷರ, ನಡುವೆ ಪೌಂಡಿನ ಚಿಹ್ನೆ! ಒಬ್ಬ ಹುಡುಗ ‘ಅಣ್ಣಾ, ಇದೇನು ಇಂಗ್ಲೆಂಡಿನ ದುಡ್ಡು ಬಂತು’ ಅಂತ ಕೇಳಿದ. ಯುನಿಕೋಡ್‌ಗೆ ಬದಲಾಯಿಸಿ ಆಮೇಲೆ ಅಂಟಿಸು ಅಂದರೆ ‘ಕಾಲೇಜಿನಲ್ಲಿ ನುಡಿಯಲ್ಲೇ ಕೇಳುತ್ತಾರೆ’ ಅನ್ನುತ್ತಾರೆ.

ಒತ್ತಕ್ಷರ ಪ್ರೇಮಿ
ನುಡಿಯಲ್ಲೇ ಯುನಿಕೋಡ್ ಇದೆ, ಬದಲಾಯಿಸುವ ಸೌಲಭ್ಯವೂ ಇದೆ. ನುಡಿ ಅಂದರೆ ಹಳೇ ಫಾಂಟ್ ಅಂತ ಯಾರೋ ಒಬ್ಬರು ಹೇಳಿದ್ದು ಎಲ್ಲರಿಗೂ ಅಂಟಿಕೊಂಡಿದೆ.

ಹಳೇ ಮೇಷ್ಟ್ರು
ನಿಮ್ಮ ಮಾತೆಲ್ಲ ಓದುತ್ತಾ ನಗು ಬಂತು. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವನು. ನಮ್ಮ ಸಾಫ್ಟ್‌ವೇರ್ ಅಂದರೆ ಕೈವಾರ ಮತ್ತು ಕೋನಮಾಪಕ. ಶೇಕಡಾ ಒಂದಕ್ಕೆ 3.6 ಡಿಗ್ರಿ, ಇಷ್ಟು ಬಾಯಿಪಾಠ. ಈ ತುಂಗೆಯವರ ಲೆಕ್ಕ ಕೊಟ್ಟಿದ್ದರೆ ಮಕ್ಕಳು ಮೊದಲ ಹೋಳಿಗೇ ಅಳುತ್ತಿದ್ದರು. ಕನ್ನಡ 66.5 ಅಂದರೆ 239.4 ಡಿಗ್ರಿ, ಕೋನಮಾಪಕ 180ಕ್ಕೇ ಮುಗಿಯುತ್ತದೆ! ನಾನು ಹೇಳಿಕೊಡುತ್ತಿದ್ದ ಉಪಾಯ ಏನೆಂದರೆ, ಸಣ್ಣವನ್ನೆಲ್ಲ ಮೊದಲು ಎಳೆದುಬಿಡಿ, ಕೊನೆಗೆ ಉಳಿದದ್ದೇ ದೊಡ್ಡದು. ಆದರೆ ಪೆನ್ಸಿಲ್ ಮೊಂಡಾಗಿದ್ದರೆ ಪ್ರತಿ ಗೆರೆಯಲ್ಲೂ ಅರ್ಧ ಡಿಗ್ರಿ ತಪ್ಪಿ, ಕೊನೆಗೆ ದೊಡ್ಡ ಹೋಳಿಗೇ ನಷ್ಟ. ಹೆಸರು ಹೊರಗೆ ಬರೆದು ಬಾಣ ಹಾಕಿದವರಿಗೆ ಅರ್ಧ ಅಂಕ ಜಾಸ್ತಿ ಕೊಡುತ್ತಿದ್ದೆ. ಪಕ್ಕದಲ್ಲಿ ಬಣ್ಣದ ಡಬ್ಬಿ ಬರೆದು ‘ಸೂಚಿ’ ಮಾಡಿದವರ ಚಾರ್ಟ್ ನೋಡುವಾಗ ಕುತ್ತಿಗೆ ಆಚೆ ಈಚೆ ತಿರುಗಿಸಿ ಸಾಕಾಗುತ್ತಿತ್ತು.

ಧಾರವಾಡ ಪೇಢೆ
ಮೇಷ್ಟ್ರೇ, ಶರಣು. ಆ ಕುತ್ತಿಗೆ ಮಾತು ಎಕ್ಸೆಲ್ ಮಾಡಿದವರಿಗೆ ಹೇಳಬೇಕಿತ್ತು.

ಎಕ್ಸೆಲ್ ಅಕ್ಕ
ಎಕ್ಸೆಲ್‌ನ ಸುಮ್ನೆ ಬೈಯಬೇಡಿ. ಡೇಟಾ ಲೇಬಲ್ಸ್‌ಗೆ ಹೋಗಿ ಕ್ಯಾಟಗರಿ ನೇಮ್, ಪರ್ಸೆಂಟೇಜ್ ಎರಡಕ್ಕೂ ಟಿಕ್ ಹಾಕಿ, ಔಟ್‌ಸೈಡ್ ಎಂಡ್ ಆರಿಸಿ, ಪಕ್ಕದ ಸೂಚಿ ಅಳಿಸಿಬಿಡಿ. ಒತ್ತಿಕೊಂಡ ಹೆಸರನ್ನು ಮೌಸಿನಲ್ಲಿ ಎಳೆದರೆ ಹೋಳಿನಿಂದ ಹೆಸರಿಗೆ ತಾನೇ ಗೆರೆ ಬರುತ್ತದೆ. ಆ್ಯಂಗಲ್ ಆಫ್ ಫಸ್ಟ್ ಸ್ಲೈಸ್ ಅಂತ ತಿರುಗಿಸುವ ಗುಂಡಿಯೂ ಇದೆ. ಒತ್ತಕ್ಷರ ಒಡೆಯುವುದೇ ಇಲ್ಲ. ಹತ್ತು ನಿಮಿಷದ ಕೆಲಸಕ್ಕೆ ಇವರು ಮೂರು ದಿನ ಕೂತಿದ್ದಾರಲ್ಲ ಅಂತ ನನಗೆ ಸಂಕಟ.

ಸೊನ್ನೆ ಸುತ್ತು
ನಿಜ ಅಕ್ಕ, ಒಂದು ಚಾರ್ಟಿಗೆ ಎಕ್ಸೆಲ್ಲೇ ಸಾಕು. ಆದರೆ ಗೈಡ್ ‘ಒಂದು ಅಂಕಿ ಬದಲಾಗಿದೆ’ ಅಂದರೆ ಮತ್ತೆ ಹತ್ತೂ ಹೆಸರನ್ನು ಮೌಸಿನಲ್ಲಿ ಎಳೆಯಬೇಕು. ಜಿಲ್ಲೆಗೊಂದರಂತೆ ಮೂವತ್ತು ಚಾರ್ಟ್ ಬೇಕಾದರೆ? ಆಗ ಕೋಡ್ ಬರೆದವನು ಚಹಾ ಕುಡಿಯಲು ಹೋಗಿರುತ್ತಾನೆ.

ಎಕ್ಸೆಲ್ ಅಕ್ಕ
ಕೋಡ್ ಬರೆದವನು ಚಹಾ ಕುಡಿಯುವುದನ್ನು ನಾನು ನೋಡಿಲ್ಲ. ಫೋರಂನಲ್ಲಿ ಪ್ರಶ್ನೆ ಕೇಳುವುದನ್ನು ನೋಡಿದ್ದೇನೆ 😀 ಅಂದಹಾಗೆ ಎಕ್ಸೆಲ್‌ನಲ್ಲಿ ಬಾರ್ ಆಫ್ ಪೈ ಅಂತ ಇದೆ. ಸಣ್ಣ ಹೋಳುಗಳನ್ನು ಪಕ್ಕಕ್ಕೆ ಎಳೆದು ಬಾರ್ ಮಾಡಿ ಕೊಡುತ್ತದೆ. ಬಾರ್ ಭಕ್ತರೊಂದಿಗೆ ರಾಜಿ ಮಾಡಿಕೊಳ್ಳುವವರಿಗೆ.

ಬಾರ್ ಭಕ್ತ
ಅದು ರಾಜಿಯಲ್ಲ, ಎರಡು ತಪ್ಪು.

ರೈಲು ಸೀಟಿ
ಆರ್‌ನಲ್ಲೇ ಚಾರ್ಟ್ ಎಳೆಯುವ ಇನ್ನೊಂದು ಪ್ಯಾಕೇಜ್ ಜಿಜಿಪ್ಲಾಟ್. ಅದರಲ್ಲಿ ಪೈ ಅಂತ ಪ್ರತ್ಯೇಕವಾಗಿ ಇಲ್ಲವೇ ಇಲ್ಲ, ಗೊತ್ತಾ? ಬಾರ್ ಎಳೆದು ಅದನ್ನು ಪೋಲಾರ್‌ಗೆ ಬಗ್ಗಿಸಬೇಕು. ಅಂದರೆ ಪೈ ಅಂದರೆ ಸುತ್ತಿದ ಬಾರ್. ಹೆಸರುಗಳನ್ನು ಹೋಳಿನ ನಡುವೆ ಕೂರಿಸಲು ಸ್ಟ್ಯಾಕ್ ಪೊಸಿಷನ್‌ಗೆ 0.5 ಕೊಡಬೇಕು. ಒತ್ತಿಕೊಂಡರೆ ಜಿಜಿರಿಪೆಲ್ ಇದೆ, ಹೆಸರುಗಳನ್ನು ದೂರ ತಳ್ಳಿ ಗೆರೆ ಎಳೆಯುತ್ತದೆ.

ನನ್ನ ಮರ್ಯಾದೆ ಹೋದ ಕಥೆ ಕೇಳಿ. ಸೆಮಿನಾರಿಗೆ ಚಾರ್ಟ್ ಮಾಡಿದ್ದೆ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದೆ. ಹೆಸರುಗಳನ್ನು ಬೇರೆ ಸಾಲಿನಲ್ಲಿ ಟೈಪ್ ಮಾಡಿಟ್ಟಿದ್ದೆ, ಅವು ಹಳೇ ಕ್ರಮದಲ್ಲೇ ಇದ್ದವು. ಅಂಕಿ ಓಡಿಹೋಯಿತು, ಹೆಸರು ನಿಂತಲ್ಲೇ ನಿಂತಿತು. ಚಾರ್ಟ್ ಬಹಳ ಚಂದ ಬಂದಿತ್ತು. ಬಣ್ಣ, ಫಾಂಟ್, ಎಲ್ಲ. ಹಿಂದಿನ ಬೆಂಚಿನಲ್ಲಿದ್ದ ಒಬ್ಬ ಜೂನಿಯರ್ ಮೆಲ್ಲಗೆ ಕೈಯೆತ್ತಿ ‘ಸರ್, ನಮ್ಮ ತಾಲ್ಲೂಕಿನಲ್ಲಿ ರಾಗಿಗಿಂತ ದ್ರಾಕ್ಷಿ ಜಾಸ್ತಿ ಬೆಳೆಯುತ್ತಾರಾ?’ ಅಂದ. ಅವತ್ತಿನಿಂದ ಅಂಕಿಗೆ ಹೆಸರನ್ನು ಕಟ್ಟಿಯೇ ಇಡುತ್ತೇನೆ. ಆರ್‌ನಲ್ಲಿ ಹೆಸರಿರುವ ವೆಕ್ಟರ್ (ಪ್ರತಿ ಅಂಕಿಗೂ ಅದರ ಹೆಸರು ಅಂಟಿರುವ ಪಟ್ಟಿ) ಮಾಡಿದರೆ ಸಾರ್ಟ್ ಮಾಡಿದಾಗ ಎರಡೂ ಜೊತೆಯಲ್ಲೇ ಹೋಗುತ್ತವೆ.

ಬಯಲು ಸೀಮೆ
ಚಾರ್ಟಿನ ಚಂದದ ಮಾತು ಸಾಕು. ಅದರಲ್ಲಿರುವ ಹೆಸರಿನ ಬಗ್ಗೆ ಯಾರೂ ಕೇಳಲಿಲ್ಲವಲ್ಲ. ಹಿಂದಿ 3.3 ಅಂತ ಬರೆದಿದ್ದೀರಿ. ಆ ಹಿಂದಿಯೊಳಗೆ ಯಾರಿದ್ದಾರೆ ನೋಡಿದ್ದೀರಾ? ಜನಗಣತಿಯವರು ಲಂಬಾಣಿಯನ್ನು ಹಿಂದಿಯ ಕೆಳಗೆ ಸೇರಿಸಿದ್ದಾರೆ. ದೇಶದಲ್ಲಿ ಲಂಬಾಣಿ ಅಂತ ಬರೆಸಿದವರು 32 ಲಕ್ಷಕ್ಕೂ ಹೆಚ್ಚು. ನಮ್ಮ ಕಡೆ ತಾಂಡಾಗಳಲ್ಲಿ ಹುಟ್ಟಿ ಬೆಳೆದವರು ಮನೆಯಲ್ಲಿ ಲಂಬಾಣಿ, ಹೊರಗೆ ಕನ್ನಡ. ನಿಮ್ಮ ಚಾರ್ಟ್ ನೋಡಿದವರು ‘ಓ, ಉತ್ತರದಿಂದ ಬಂದವರು 3.3’ ಅಂದುಕೊಳ್ಳುತ್ತಾರೆ. ನಮ್ಮ ಅಜ್ಜಿ ವಿಜಯಪುರ ಜಿಲ್ಲೆ ಬಿಟ್ಟು ಎಲ್ಲೂ ಹೋದವಳಲ್ಲ. ಹೆಸರು ಎಲ್ಲಿ ಕೂರಬೇಕು ಅನ್ನುವುದಕ್ಕಿಂತ ಯಾವ ಹೆಸರು ಕೂರಬೇಕು ಅನ್ನುವುದು ದೊಡ್ಡದು.

ತುಂಗೆಯ ದಂಡೆ
ಇದು ನನಗೆ ಹೊಳೆದೇ ಇರಲಿಲ್ಲ ಅಣ್ಣ. ನಾನು ತೆಗೆದುಕೊಂಡದ್ದು ಭಾಷೆಗಳ ಪಟ್ಟಿ. ಅದರ ಕೆಳಗೆ ಒಂದೊಂದು ಭಾಷೆಗೂ ಮಾತೃಭಾಷೆಗಳ ಉಪಪಟ್ಟಿ ಇದೆ, ಅದನ್ನು ನೋಡಿಯೇ ಇರಲಿಲ್ಲ. ಈಗ ತೆರೆದು ಕೂತಿದ್ದೇನೆ. ಹಿಂದಿಯ ಹೋಳನ್ನು ಎರಡಾಗಿ ಸೀಳಬಹುದಲ್ಲ?

ಬಯಲು ಸೀಮೆ
ಸೀಳಿ. ಒಂದಕ್ಕೆ ಲಂಬಾಣಿ ಅಂತ ಬರೆಯಿರಿ. ಕೆಳಗೆ ಟಿಪ್ಪಣಿಯಲ್ಲಿ ಜನಗಣತಿ ಎಲ್ಲಿ ಸೇರಿಸಿದೆ ಅಂತಲೂ ಬರೆಯಿರಿ, ಇಲ್ಲದಿದ್ದರೆ ಪರೀಕ್ಷಕರು ತಪ್ಪು ಅನ್ನುತ್ತಾರೆ.

ಬಾರ್ ಭಕ್ತ
ಹೋಳು ಹನ್ನೊಂದಾಯಿತು. ಐದಾರಕ್ಕಿಂತ ಹೆಚ್ಚಿದ್ದರೆ ಪೈ ಬೇಡ ಅಂತ ಪೈ ಪ್ರಿಯರೇ ಹೇಳುತ್ತಾರೆ. ತುಳುವಿನಿಂದ ಕೆಳಗಿನದನ್ನೆಲ್ಲ ಇತರೆಗೆ ಹಾಕಿ ಮುಗಿಸಿ.

ಕಡಲ ಕರೆ
ಏನಂದಿರಿ? ತುಳು ಇತರೆಯಾ?

ದೇಶದಲ್ಲಿ 18 ಲಕ್ಷ ಚಿಲ್ಲರೆ ಜನ ಮಾತಾಡುವ ಭಾಷೆ. ನಿಮ್ಮ ಚಾರ್ಟಿನಲ್ಲಿ ಜಾಗ ಇಲ್ಲ ಅಂತ ಇತರೆಗೆ ತಳ್ಳುತ್ತೀರಾ? ಮಂಗಳೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಈ ಮಾತು ಹೇಳಿ ನೋಡುವ.

ಕಾಫಿ ತೋಟ
ತುಳುವಿನವರು ಕೂಗಾಡಲಾದರೂ ಒಂದು ಹೋಳಿದೆ. ನಾವು ಕೊಡವರು ಈಗಾಗಲೇ ಇತರೆಯೊಳಗೇ ಇದ್ದೇವೆ. ಇಡೀ ದೇಶದಲ್ಲಿ ಜನಗಣತಿಗೆ ಸಿಕ್ಕಿದ್ದು 1,13,857 ಜನ. ಕರ್ನಾಟಕದ ವೃತ್ತದಲ್ಲಿ ಒಂದು ಡಿಗ್ರಿಯೂ ಆಗುವುದಿಲ್ಲ. ಮೇಷ್ಟ್ರ ಮೊಂಡು ಪೆನ್ಸಿಲ್ ಗೆರೆಯಷ್ಟು ದಪ್ಪ.

ಹಳೇ ಮೇಷ್ಟ್ರು
ಛೇ, ಹಾಗನ್ನಬೇಡಿ. ಮನಸ್ಸಿಗೆ ಬೇಜಾರಾಯಿತು.

ಸೊನ್ನೆ ಸುತ್ತು
ಕಾಫಿ ತೋಟದವರ ಮಾತಿಗೆ ಚಾರ್ಟಿನಲ್ಲಿ ಉತ್ತರ ಇಲ್ಲ, ಕೋಷ್ಟಕದಲ್ಲಿ ಇದೆ. ಚಾರ್ಟಿನ ಕೆಳಗೆ ಪೂರ್ತಿ ಪಟ್ಟಿ ಕೊಡಿ. ಅಲ್ಲಿ 0.2 ಇರುವವರಿಗೂ 66.5 ಇರುವವರಿಗೂ ಒಂದೊಂದು ಸಾಲು, ಅಕ್ಷರದ ಗಾತ್ರವೂ ಒಂದೇ.

ಬಾರ್ ಭಕ್ತರಿಗೆ ಒಂದು ಮಾತು. ಪೈ ಕೆಟ್ಟದ್ದು ಅಂತ 1984 ಹೇಳುತ್ತೀರಿ. 1926ರಲ್ಲೇ ಈಲ್ಸ್ ಅನ್ನುವವರು ತಮ್ಮ ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿ, ಇಡೀದರಲ್ಲಿ ಒಂದು ಪಾಲು ಎಷ್ಟು ಅಂತ ಅಂದಾಜು ಮಾಡಲು ಸೀಳಿದ ಬಾರ್‌ಗಿಂತ ವೃತ್ತ ವಾಸಿ ಅಂದಿದ್ದಾರೆ. ಪ್ರಶ್ನೆ ಯಾವುದು ಅನ್ನುವುದರ ಮೇಲಿದೆ. ತಮಿಳು ದೊಡ್ಡದೋ ಮರಾಠಿ ದೊಡ್ಡದೋ ಅಂದರೆ ಬಾರ್. ಅರ್ಧಕ್ಕಿಂತ ಜಾಸ್ತಿಯಾ, ಮುಕ್ಕಾಲು ದಾಟಿತಾ ಅಂದರೆ ಪೈ. ತುಂಗೆಯವರ ಅಧ್ಯಾಯಕ್ಕೆ ಬೇಕಿರುವುದು ಎರಡನೆಯದು.

ಬಾರ್ ಭಕ್ತ
ಅರ್ಧಕ್ಕಿಂತ ಜಾಸ್ತಿ ಅಂತ ಹೇಳಲು ಒಂದು ವಾಕ್ಯ ಸಾಕು.

ಜರ್ಮನಿ ಜಯಕ್ಕ
ಮಧ್ಯೆ ಬಾಯಿ ಹಾಕುತ್ತೇನೆ. ಇಲ್ಲಿ ಇದನ್ನು ಕೇಕ್ ಚಾರ್ಟ್ ಅನ್ನುತ್ತಾರೆ. ಫ್ರಾನ್ಸಿನವರು ಅವರ ಗುಂಡಗಿನ ಚೀಸಿನ ಹೆಸರಿಟ್ಟು ಕ್ಯಾಮಂಬೇರ್ ಅನ್ನುತ್ತಾರೆ. ನಾವು ಮಾತ್ರ ಇಂಗ್ಲಿಷಿನವರ ಪೈ ಹಿಡಿದುಕೊಂಡಿದ್ದೇವೆ. ಹೋಳಿಗೆ ಚಾರ್ಟ್ ಅನ್ನಬಾರದಾ?

ಧಾರವಾಡ ಪೇಢೆ
ಹೋಳಿಗೆಯನ್ನ ತ್ರಿಕೋನವಾಗಿ ಕತ್ತರಿಸಿ ತಿನ್ನುವವರು ಯಾರ್ರೀ? ತುಪ್ಪ ಹಾಕಿ ಮಡಚಿ ಬಾಯಿಗೆ.

ಕಡಲ ಕರೆ
ಹೋಳು ಅನ್ನುವ ಪದ ಇಲ್ಲಿ ಎಲ್ಲರೂ ಬಳಸುತ್ತಿದ್ದಾರೆ, ‘ಹೋಳು ಚಿತ್ರ’ ಅಂದರೆ ಸಾಕಲ್ಲ.

ಹಳೇ ಮೇಷ್ಟ್ರು
ನಾನು ತರಗತಿಯಲ್ಲಿ ವೃತ್ತ ನಕ್ಷೆ ಅನ್ನುತ್ತಿದ್ದೆ. ಮಕ್ಕಳು ಪೈ ಅಂದರೆ 22/7 ಅಂದುಕೊಂಡು, ಎಲ್ಲ ಲೆಕ್ಕಕ್ಕೂ ಅದರಿಂದ ಗುಣಿಸುತ್ತಿದ್ದರು.

ರೈಲು ಸೀಟಿ
ಇದನ್ನು ಮೊದಲು ಎಳೆದವರು ಸ್ಕಾಟ್‌ಲ್ಯಾಂಡಿನ ವಿಲಿಯಂ ಪ್ಲೇಫೇರ್, 1801ರಲ್ಲಿ. ತುರ್ಕಿ ಸಾಮ್ರಾಜ್ಯದ ನೆಲ ಏಷ್ಯಾ, ಯುರೋಪ್, ಆಫ್ರಿಕಾಗಳಲ್ಲಿ ಎಷ್ಟೆಷ್ಟು ಅಂತ ತೋರಿಸಲು. ಮೂರೇ ಹೋಳು. ಅವರಿಗೆ ಹೆಸರು ಒತ್ತಿಕೊಳ್ಳುವ ತಾಪತ್ರಯವೇ ಇರಲಿಲ್ಲ.

ಪುಟ ವಿನ್ಯಾಸ
ನಾನು ಮೊದಲು ಒಂದು ಪತ್ರಿಕೆಯಲ್ಲಿ ಗ್ರಾಫಿಕ್ಸ್ ಮಾಡುತ್ತಿದ್ದೆ. ಶೇಕಡಾ ಬರೆಯುವವರಿಗೆ ಒಂದು ಎಚ್ಚರಿಕೆ. 2023ರ ವಿಧಾನಸಭೆ ಫಲಿತಾಂಶ ತೆಗೆದುಕೊಳ್ಳಿ. ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19, ಇತರರು 4. ಒಟ್ಟು 224. ಒಂದು ದಶಾಂಶಕ್ಕೆ ಮಾಡಿದರೆ 60.3, 29.5, 8.5, 1.8. ಕೂಡಿಸಿ ನೋಡಿ, 100.1. ದಶಾಂಶ ಬೇಡ ಅಂತ ಪೂರ್ಣ ಸಂಖ್ಯೆ ಮಾಡಿದರೆ 60, 29, 8, 2. ಈಗ 99! ಒಂದು ಸಲ ಹೀಗೇ ಅಚ್ಚಾಗಿ, ಬೆಳಿಗ್ಗೆ ಆರಕ್ಕೇ ಓದುಗರ ಫೋನ್. ‘ಉಳಿದ ಒಂದು ಪರ್ಸೆಂಟ್ ಯಾರು ತಿಂದರು?’

ಹಾವು ಹಿಡಿದವ
ಅದಕ್ಕೆ ಉಪಾಯ ಇದೆ. ಎಲ್ಲದರ ದಶಾಂಶ ಕತ್ತರಿಸಿ, 60, 29, 8, 1, ಒಟ್ಟು 98. ಉಳಿದ ಎರಡನ್ನು ದಶಾಂಶ ದೊಡ್ಡದಿರುವ ಇಬ್ಬರಿಗೆ ಕೊಡಿ. ಇತರರದ್ದು .79, ಜೆಡಿಎಸ್‌ನದ್ದು .48. ಹಾಗಾಗಿ 60, 29, 9, 2. ನೂರಕ್ಕೆ ನೂರು.

ಬಾರ್ ಭಕ್ತ
8.48ನ್ನು 9 ಅಂತ ಬರೆಯುವುದಾ? ಚುನಾವಣೆ ಆದ ಮೇಲೂ ಪಕ್ಷಾಂತರ ಮಾಡಿಸುತ್ತೀರಲ್ಲ ಸ್ವಾಮಿ.

ಪುಟ ವಿನ್ಯಾಸ
ನಾನು ಆಮೇಲೆ ಶೇಕಡಾವನ್ನೇ ಬಿಟ್ಟೆ. ಹೋಳಿನ ಪಕ್ಕ 135, 66, 19, 4 ಅಂತ ಸೀಟನ್ನೇ ಬರೆದೆ. ಎಣಿಸಬಹುದಾದದ್ದನ್ನು ಎಣಿಸಿಯೇ ಬರೆದರೆ ಜಗಳ ಇಲ್ಲ. ಶೇಕಡಾನೇ ಬೇಕು ಅಂದರೆ ‘ದಶಾಂಶ ಸರಿಹೊಂದಿಸಿದ್ದರಿಂದ ಮೊತ್ತ 100 ಆಗದಿರಬಹುದು’ ಅಂತ ಸಣ್ಣಕ್ಕೆ ಒಂದು ಸಾಲು.

ಸರ್ವೆ ಸುಬ್ಬಿ
ಇನ್ನೊಂದು ಹೊಂಡ ಇದೆ, ನಾನು ಬಿದ್ದದ್ದು. ಉತ್ತರ ಕೊಡದವರ ಲೆಕ್ಕ. ಎಸ್‌ಪಿಎಸ್‌ಎಸ್ ಅನ್ನುವ ಅಂಕಿಅಂಶದ ಸಾಫ್ಟ್‌ವೇರ್ ಕೆಲವು ಸಲ ‘ಮಿಸ್ಸಿಂಗ್’ ಅಂತ ಅವರಿಗೂ ಒಂದು ಹೋಳು ಕೊಡುತ್ತದೆ. ಆರ್‌ನಲ್ಲಿ ಟೇಬಲ್ ಹಾಕಿದರೆ ಅವರನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಒಂದೇ ಸರ್ವೆ, ನಾನು ಆರ್‌ನಲ್ಲಿ ಮಾಡಿದ್ದು, ಗೆಳತಿ ಎಸ್‌ಪಿಎಸ್‌ಎಸ್‌ನಲ್ಲಿ ಮಾಡಿದ್ದು. ಶೇಕಡಾ ಬೇರೆ ಬೇರೆ ಬಂದು ಇಬ್ಬರೂ ಎರಡು ದಿನ ಮಾತು ಬಿಟ್ಟಿದ್ದೆವು.

ಮತ್ತೆ ‘ಯಾವ ಯಾವ ಭಾಷೆ ಮಾತಾಡುತ್ತೀರಿ’ ಅಂತ ಕೇಳಿದ ಪ್ರಶ್ನೆಗೆ ಪೈ ಹಾಕಲೇಬೇಡಿ. ನಮ್ಮೂರಲ್ಲಿ ಒಬ್ಬೊಬ್ಬರೂ ಮೂರು ಹೇಳುತ್ತಾರೆ. ಒಟ್ಟು 200 ದಾಟುತ್ತದೆ. ವೃತ್ತ ಒಂದೇ ಸುತ್ತು ಇರುವುದು.

ತುಂಗೆಯ ದಂಡೆ
ಎಲ್ಲರಿಗೂ ವರದಿ ಒಪ್ಪಿಸುತ್ತೇನೆ. ರ‍್ಯಾಗ್ ಹಾಕಿದೆ, ‘ಕನ್ನಡ’ ಕನ್ನಡವಾಗಿ ಬಂತು, ಅರ್ಕಾವತ್ತು ಜಾಗಕ್ಕೆ ಬಂತು. ಲಂಬಾಣಿ ಹೋಳು ಬೇರೆ ಮಾಡಿದೆ. ಕೆಳಗೆ ಕೋಷ್ಟಕ ಹಾಕಿದೆ, ಕೊಡವಕ್ಕೆ ಒಂದು ಸಾಲು. ಹೆಮ್ಮೆಯಿಂದ ಗೈಡ್ ಸರ್‌ಗೆ ತೋರಿಸಿದೆ. ಒಂದು ನಿಮಿಷ ನೋಡಿದರು. ‘ಮೂರು ಆಯಾಮದಲ್ಲಿ ಇದ್ದರೆ ಎದ್ದು ಕಾಣುತ್ತಿತ್ತಲ್ಲ’ ಅಂದರು.

ಬಾರ್ ಭಕ್ತ
ಇದೊಂದು ವಿಷಯದಲ್ಲಿ ಪೈ ಪ್ರಿಯರೂ ನನ್ನ ಜೊತೆ ನಿಲ್ಲುತ್ತಾರೆ ಅಂದುಕೊಂಡಿದ್ದೇನೆ.

ಸೊನ್ನೆ ಸುತ್ತು
ನಿಂತೆ. ಪೈ ಓರೆ ಮಾಡಿದರೆ ಮುಂದಿನ ಹೋಳಿಗೆ ಗೋಡೆ ಸೇರಿ ದಪ್ಪ ಕಾಣುತ್ತದೆ, ಹಿಂದಿನದು ಚಪ್ಪಟೆಯಾಗುತ್ತದೆ. ಆರ್‌ನ ಪ್ಲಾಟ್ರಿಕ್ಸ್ ಪ್ಯಾಕೇಜಿನಲ್ಲಿ ಪೈ ತ್ರೀಡಿ ಇದೆ. ಸರ್‌ಗೆ ಎರಡು ಚಾರ್ಟ್ ಮಾಡಿ ಕೊಡಿ. ಒಂದರಲ್ಲಿ ಉರ್ದು ಮುಂದೆ ಬರಲಿ, ಇನ್ನೊಂದರಲ್ಲಿ ಹಿಂದೆ. ಅಂಕಿ ಬರೆಯಬೇಡಿ. ಎರಡೂ ಒಂದೇನಾ ಅಂತ ಕೇಳಿ.

ಹಳೇ ಮೇಷ್ಟ್ರು
ಗುರುಗಳಿಗೆ ಪರೀಕ್ಷೆ ಕೊಡುವುದಾ? ಸ್ವಲ್ಪ ನಯವಾಗಿ ಹೇಳಮ್ಮ. ‘ಸರ್, ಮಾಡಿ ನೋಡಿದೆ, ಹೆಸರು ಓದಲು ಆಗುತ್ತಿಲ್ಲ’ ಅನ್ನು. ನಿಜವೂ ಹೌದು.

ತುಂಗೆಯ ದಂಡೆ
ಮೇಷ್ಟ್ರು ಹೇಳಿದ ಹಾಗೇ ಅಂದೆ, ಒಪ್ಪಿದರು. ಆದರೆ ಹೋಗುವಾಗ ‘ಐದು ಪ್ರತಿ ಜೆರಾಕ್ಸ್ ಮಾಡಿಸು, ಬಣ್ಣ ಬೇಡ, ಖರ್ಚು’ ಅಂದರು. ಕಪ್ಪುಬಿಳುಪಿನಲ್ಲಿ ಎಲ್ಲ ಹೋಳೂ ಒಂದೇ ಬೂದಿ ಬಣ್ಣ.

ಜೆರಾಕ್ಸ್ ಅಣ್ಣ
ಬೂದಿ ಬಣ್ಣ ಹಾಕಲೇಬೇಡಿ. ಟೋನರ್ ಕಡಿಮೆ ಇದ್ದ ದಿನ ಮೋಡ ಕವಿದ ಹಾಗೆ ಬರುತ್ತದೆ. ಗೆರೆ ಹಾಕಿ.

ಸೊನ್ನೆ ಸುತ್ತು
ಹೆಸರು ಹೋಳಿನ ಪಕ್ಕದಲ್ಲೇ ಇದೆಯಲ್ಲ, ಬಣ್ಣದ ಹಂಗೇ ಇಲ್ಲ. ಎಲ್ಲ ಬಿಳಿ ಮಾಡಿ, ಕಪ್ಪು ಅಂಚು ಬಿಡಿ. ಬೇಕಾದವಕ್ಕೆ ಮಾತ್ರ ಡೆನ್ಸಿಟಿ ಕೊಟ್ಟರೆ ಒಳಗೆ ಗೆರೆ ಬರುತ್ತದೆ. ಗೆರೆ ಎಷ್ಟು ವಾಲಬೇಕು ಅನ್ನುವುದು ಆ್ಯಂಗಲ್‌ನಲ್ಲಿ. ಸೊನ್ನೆ ಕೊಟ್ಟರೆ ಅಡ್ಡಗೆರೆ.

ತುಂಗೆಯ ದಂಡೆ
ಮಾಡಿದೆ. ಕನ್ನಡಕ್ಕೆ ಓರೆಗೆರೆ, ಉಳಿದವೆಲ್ಲ ಬಿಳಿ. ಚೆನ್ನಾಗಿ ಬಂದಿದೆ.

ಕಡಲ ಕರೆ
ತುಳು ಮತ್ತೆ ಬಿಳಿಯಾ?

ತುಂಗೆಯ ದಂಡೆ
ತಡೀರಿ.

ತುಂಗೆಯ ದಂಡೆ
ಅಡ್ಡಗೆರೆ ಹಾಕಿದೆ ಅಣ್ಣ, ಸಮುದ್ರದ ಅಲೆ ಅಂದುಕೊಳ್ಳಿ. ಸರ್ ಕೇಳಿದರೆ ನಿಮ್ಮನ್ನೇ ತೋರಿಸುತ್ತೇನೆ.